ತೊಟ್ಟಿಯೊಳಗೆ ಸಂಜೆ

ಭಾನುವಾರ ಮಧ್ಯಾಹ್ನ ಮೂರಕ್ಕೆ ಹತ್ತು ನಿಮಿಷವಿರುವಾಗ ಗಿಸ್ಬೆರ್ಟ್ ಕಚ್ಮಾರೆಕ್ ಕಿಟಕಿಯ ಪರದೆಯನ್ನು ಎರಡನೇ ಸಲ ಎಳೆದ. ಮೊದಲ ಸಲ ಎಳೆದಾಗ ನಡುವೆ ಎರಡು ಬೆರಳಿನಷ್ಟು ಸಂದು ಉಳಿದಿತ್ತು. ಅದರೊಳಗಿಂದ ಪಾತ್ರೆ ತೊಳೆದ ನೀರಿನಂಥ ನವೆಂಬರ್ ತಿಂಗಳ ಬೆಳಕು ಒಳಗೆ ಬಂದು, ನೆಲಹಾಸನ್ನು ದಾಟಿ, ಬೇಕೆಂದೇ ಹುಡುಕಿಕೊಂಡು ಬಂದ ಹಾಗೆ ಹವಳ ಸಾಕಿದ ತೊಟ್ಟಿಯ ಗಾಜಿನ ಮೇಲೆ ಬಿದ್ದಿತ್ತು. ಅಷ್ಟು ಬಡಕಲು ಬೆಳಕು ಯಾರಿಗೆ ಏನನ್ನು ತೋರಿಸೀತು ಎಂದು ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರು. ಗಿಸ್ಬೆರ್ಟ್ ಮೂವತ್ತೊಂದು ವರ್ಷ ಕಲ್ಲಿದ್ದಲ ಗಣಿಯ ದೀಪದ ಕೋಣೆಯಲ್ಲಿ, ಕೆಳಗಿಳಿಯುವವರ ದೀಪಗಳಿಗೆ ಚಾರ್ಜು ತುಂಬಿಸುವ ಕೆಲಸ ಮಾಡಿದವನು. ಬೆಳಕು ಎಂಥ ಚಾಡಿಕೋರ ಎಂಬುದು ಅವನಿಗೆ ಗೊತ್ತಿತ್ತು. ಬಚ್ಚಲಿಂದ ಬಟ್ಟೆ ಒಣಹಾಕುವ ಎರಡು ಕ್ಲಿಪ್ಪು ತಂದು ಪರದೆಯ ಅಂಚುಗಳನ್ನು ಒಂದಕ್ಕೊಂದು ಕಚ್ಚಿಸಿದ.

"ಇದೇನೋ ಇದು, ಮನೇಲಿ ಯಾರಾದ್ರೂ ತೀರ್ಕೊಂಡಿದಾರಾ?" ಎಂದಳು ಹೆಡ್ವಿಗ್, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಸಂಜೆ ಬೆಳಕಲ್ಲೇ ನೋಡ್ಬೇಕು ಕಣೇ ಅದನ್ನ."

"ಮೂರು ಗಂಟೆಗೆ?"

"ತೊಟ್ಟಿಯೊಳಗೆ ಸಂಜೆ ಆಗಿದೆ."

"ಹಾಗಾದ್ರೆ ಕಾಫಿ ಯಾರಿಗೆ ಮಾಡ್ಲಿ? ತೊಟ್ಟಿಯೋರಿಗಾ, ಹೊರಗಿನೋರಿಗಾ?"

ನಲವತ್ತಮೂರು ವರ್ಷ ಜೊತೆಗೆ ಬಾಳಿದ ಹೆಂಗಸು ಪ್ರಶ್ನೆ ಕೇಳುವುದು ಉತ್ತರಕ್ಕಲ್ಲ, ತಾನು ಇದನ್ನೂ ಗಮನಿಸಿದ್ದೇನೆ ಎಂದು ರುಜು ಹಾಕಲಿಕ್ಕೆ ಎಂಬುದು ಅವನ ಅನುಭವ. ಅವಳು ಬಾಗಿಲು ಮುಚ್ಚಿಕೊಂಡು ಒಳಗೆ ಹೋದ ಮೇಲೆ ತೊಟ್ಟಿಯ ದೀಪದಿಂದ ಕೋಣೆ ಪೂರಾ ನೀಲಿಯಾಯಿತು. ಗೋಡೆಯ ಕಾಗದ, ಮೇಜಿನ ಮೇಲೆ ಮಗುಚಿಟ್ಟ ಬಟ್ಟಲುಗಳು, ಅವನ ಕೈಯ ನರಗಳು, ಪ್ಲಮ್ ಹಣ್ಣಿನ ಕೇಕಿನ ಮೇಲೆ ಉದುರಿಸಿದ ಸಕ್ಕರೆಪುಡಿ ಎಲ್ಲವೂ ಒಂದೇ ನೀಲಿಯಲ್ಲಿ ಮುಳುಗಿ ತಮ್ಮ ತಮ್ಮ ಜಾತಿಯನ್ನು ಮರೆತವು. ಆ ನೀಲಿಯ ನಡುವೆ, ಒಂದೂವರೆ ಮೀಟರು ಉದ್ದದ ಗಾಜಿನೊಳಗೆ, ಬೆಣಚುಗಲ್ಲಿನ ದಿಬ್ಬದ ನೆತ್ತಿಯಲ್ಲಿ, ಅವನ ಹವಳ ಉರಿಯುತ್ತಿತ್ತು. ಹಸಿರು ಎನ್ನಬಹುದು. ಆದರೆ ಹಸಿರು ಎಂಬುದು ಎಲೆಗೆ, ಬಾಗಿಲಿಗೆ, ಬಸ್ಸಿಗೆ ಹೇಳುವ ಮಾತು. ಇದು ಹೊರಗಿನ ಬೆಳಕು ಬಿದ್ದು ಹೊಳೆಯುವ ಬಣ್ಣವಲ್ಲ. ಒಂದೊಂದು ಕವಲೂ ತನ್ನೊಳಗೆ ದೀಪ ಹಚ್ಚಿಕೊಂಡಂತೆ, ಅಂಚಿನಿಂದ ಅಂಚಿಗೆ ತಣ್ಣಗೆ ಹತ್ತಿಕೊಂಡಿತ್ತು. ಹನ್ನೊಂದು ವರ್ಷದಲ್ಲಿ ಅದು ಒಂದು ದಿನವೂ ಇಷ್ಟು ಚೆಲುವಾಗಿ ಕಂಡಿರಲಿಲ್ಲ. ಅದು ಸಾಯುತ್ತಿತ್ತು.

ಸಾಯುತ್ತಿದೆ ಎಂದು ಅವನು ಮನಸ್ಸಿನಲ್ಲಿ ಕೂಡ ಅನ್ನುತ್ತಿರಲಿಲ್ಲ. 'ಸುಸ್ತಾಗಿದೆ' ಎನ್ನುತ್ತಿದ್ದ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಇರುತ್ತದೆ. ಬೆಳಕು ತಿಂದು ಅಡುಗೆ ಮಾಡುತ್ತದೆ, ಮನೆಯ ಯಜಮಾನನಿಗೂ ಬಡಿಸುತ್ತದೆ, ಯಜಮಾನನ ಕಂದು ಬಣ್ಣವೆಲ್ಲ ಈ ಬಾಡಿಗೆದಾರನದೇ. ಬೆಳಕು ಒಮ್ಮೆಲೇ ಮಿತಿಮೀರಿದರೆ ಅದೇ ಅಡುಗೆ ವಿಷವಾಗುತ್ತದೆ. ಯಜಮಾನ ಗಾಬರಿಯಿಂದ ಬಾಡಿಗೆದಾರನ ಸಾಮಾನು ಹೊರಗೆಸೆದು ಬಾಗಿಲು ಹಾಕಿಕೊಳ್ಳುತ್ತಾನೆ. ಆಮೇಲೆ ಖಾಲಿ ಮನೆಯಲ್ಲಿ ಹಸಿದು ಕೂರುತ್ತಾನೆ. ಬಿಳಿ ಬೆಳಕಿನಲ್ಲಿ ನೋಡಿದರೆ ಸುಣ್ಣದ ಕಡ್ಡಿ. ನೀಲಿ ಬೆಳಕಿನಲ್ಲಿ ನೋಡಿದರೆ, ಕಂದು ಬಣ್ಣದ ಮರೆಯೂ ಹೋಗಿರುವುದರಿಂದ, ಹಸಿರು ಹೊಳಪೆಂಬ ಕೊನೆಯ ಒಡವೆಯೆಲ್ಲ ಹೊರಗೆ. ಇದನ್ನು ಗಿಸ್ಬೆರ್ಟ್ ಮಂಗಳವಾರ ಸಂಜೆ ಕಂಡುಕೊಂಡಿದ್ದ. ತೊಟ್ಟಿಗೆ ಹಾಕಿಸಿದ ಹೊಸ ದೀಪ ತನ್ನ ಪಾಡಿಗೆ ತಾನು ಮುಳುಗುವ ಸೂರ್ಯನಾಗಿ, ಬಿಳಿಯನ್ನು ಮೊದಲು ಕಳೆದುಕೊಂಡು ನೀಲಿಯನ್ನಷ್ಟೇ ಉಳಿಸಿಕೊಂಡಾಗ, ಮೂರು ದಿನದಿಂದ ಅವನು ಕಣ್ಣು ತಪ್ಪಿಸಿಕೊಂಡು ಓಡಾಡುತ್ತಿದ್ದ ಆ ಬಿಳಚಿದ ಕವಲುಗಳು ಧಗ್ಗೆಂದಿದ್ದವು. ಅಳಬೇಕಾದ ಜಾಗದಲ್ಲಿ ಅವನಿಗೆ ಖುಷಿಯಾಗಿತ್ತು.

ಹಳೆಯ ದೀಪಗಳು ಎಂದರೆ ಎಂಟು ಟ್ಯೂಬ್‌ಲೈಟುಗಳು. ವರ್ಷಕ್ಕೊಮ್ಮೆ ಬದಲಿಸಬೇಕಾದವನ್ನು ಅವನು ಮೂರು ವರ್ಷ ಉರಿಸಿದ್ದ. ದಿನಕ್ಕೆ ಕೂದಲೆಳೆಯಷ್ಟು ಮಂಕಾಗುತ್ತಾ ಹೋಗುವುದು ಕಣ್ಣಿಗೆ ಗೊತ್ತಾಗುವುದಿಲ್ಲ, ಕನ್ನಡಿಯಲ್ಲಿ ಮುಖ ಗೊತ್ತಾಗದ ಹಾಗೆ. ಹವಳ ಆ ಮಬ್ಬಿಗೆ ಒಗ್ಗಿಕೊಂಡು, ಬಾಡಿಗೆದಾರರನ್ನು ಹೆಚ್ಚಿಸಿಕೊಂಡು, ಬರಬರುತ್ತಾ ಒದ್ದೆ ರಟ್ಟಿನ ಬಣ್ಣಕ್ಕೆ ತಿರುಗಿತ್ತು. ಅದೇ ಅದರ ಬಣ್ಣ ಎಂದು ಅವನು ನಂಬಿದ್ದ. ಹವಳ ಸಾಕುವವರ ಸಂಘದ ಅಧ್ಯಕ್ಷ ಟೊರ್‌ಸ್ಟೆನ್, ಹೊಟ್ಟೆಪಾಡಿಗೆ ಮನೆಮನೆಯ ಬಿಸಿನೀರಿನ ಕೊಳಾಯಿ ರಿಪೇರಿ ಮಾಡುವವನು, ಬಂದು ಬೆಳಕು ಅಳೆದು, "ಇದು ಹವಳದ ತೊಟ್ಟಿಯೋ ಆಲೂಗಡ್ಡೆ ಇಡೋ ನೆಲಮಾಳಿಗೆಯೋ?" ಎಂದಿದ್ದ. ಹಾಗೆ ಬಂದದ್ದು ಈ ಹೊಸ ಎಲ್ಇಡಿ ದೀಪ: ಸ್ಲೇಟಿನಷ್ಟು ತೆಳ್ಳಗೆ, ಫೋನಿನ ಮೇಲೆ ಹೆಬ್ಬೆರಳು ಜಾರಿಸಿದರೆ ಬೆಳಗು, ಜಾರಿಸಿದರೆ ಬೈಗು. ಟೊರ್‌ಸ್ಟೆನ್ ಕಾಗದದ ಮೇಲೆ ಬರೆದೇ ಕೊಟ್ಟಿದ್ದ. ಮೊದಲ ವಾರ ನೂರಕ್ಕೆ ಇಪ್ಪತ್ತು. ಆಮೇಲೆ ವಾರಕ್ಕೆ ಐದೈದು. "ವರ್ಷಗಟ್ಟಲೆ ಕತ್ತಲಲ್ಲಿದ್ದು ಗಣಿಯಿಂದ ಮೇಲೆ ಬಂದ ಕುದುರೆಗೆ ಕಣ್ಣು ಕಟ್ಟಿದ ಹಾಗೆ ಕಣೋ. ಅವಸರ ಮಾಡಿದ್ಯೋ, ಕೆಟ್ಟೆ." ಗಣಿಯ ಉಪಮೆಯನ್ನು ಕೊಳಾಯಿಯವನ ಬಾಯಲ್ಲಿ ಕೇಳಬೇಕಾಯಿತಲ್ಲ ಎಂದು ಗಿಸ್ಬೆರ್ಟನಿಗೆ ಮುನಿಸಾಗಿತ್ತು. ಅವನು ದೀಪದವನು. ಬೆಳಕಿನ ಬಗ್ಗೆ ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಹೋದ ವಾರದ ಬುಧವಾರ ಹೆಡ್ವಿಗ್ ತಂಗಿಯ ಮನೆಗೆ ಹೋಗಿದ್ದಳು. ಒಂದು ನಿಮಿಷ, ಬರೀ ಒಂದು ನಿಮಿಷ ನೋಡೋಣ ಎಂದುಕೊಂಡು ಅವನು ಹೆಬ್ಬೆರಳನ್ನು ನೂರರವರೆಗೆ ಜಾರಿಸಿದ. ಏನಾಯಿತೆಂದು ಹೇಳುವುದು ಕಷ್ಟ. ತೊಟ್ಟಿಯ ಗೋಡೆ ಇಲ್ಲವಾಯಿತು. ನೀರಿನ ಮೇಲ್ಮೈಯ ಸುಕ್ಕುಗಳ ನೆರಳು ಚಾವಣಿಯ ಮೇಲೆ, ಗೋಡೆಯ ಮೇಲೆ, ಅವನ ಮೊಣಕಾಲಿನ ಮೇಲೆ ಬಂಗಾರದ ಬಲೆಯಂತೆ ಓಡಾಡತೊಡಗಿತು. ಅವನು ಕುರ್ಚಿಯಲ್ಲಿ ಕೂತ. ಬಲೆ ಮುಖದ ಮೇಲೂ ಹರಿಯಿತು. ಯಾವುದೋ ಬೆಚ್ಚನೆಯ ಊರಿನಲ್ಲಿ, ಯಾರೂ ಅವನನ್ನು ಹೆಸರು ಹಿಡಿದು ಕರೆಯದ ಜಾಗದಲ್ಲಿ, ನೀರಿನ ತಳದಲ್ಲಿ ಕೂತು ಮೇಲೆ ನೋಡುತ್ತಿರುವವನಂತೆ ಅವನಿಗೆ ಉಸಿರು ಸಲೀಸಾಯಿತು. ದೀಪದ ಕೋಣೆಯ ಸಾಲುಸಾಲು ಕೊಕ್ಕೆಗಳು ಕಂಡವು. ಗಂಡಸರು ಪಾಳಿ ಮುಗಿಸಿ ಮೇಲೆ ಬರುತ್ತಿದ್ದರು. ಒದ್ದೆ ಕೂದಲು, ಕಣ್ಣಂಚಿಗೆ ಕಾಡಿಗೆಯಂತೆ ಕಲ್ಲಿದ್ದಲ ಪುಡಿ. ಒಬ್ಬೊಬ್ಬರೂ ತಮ್ಮ ದೀಪವನ್ನು ಕೊಕ್ಕೆಗೆ ಹಾಕುವ ಬದಲು ಅವನ ಅಂಗೈಗೆ ಇಡುತ್ತಿದ್ದರು, ಮತ್ತು ಅದು ದೀಪವಾಗಿರಲಿಲ್ಲ, ಮೆತ್ತನೆಯದೇನೋ, ಉಸಿರಾಡುವಂಥದ್ದು. ಜೋಪಾನ ಎನ್ನುತ್ತಿದ್ದರು. ಮೀನುಗಳು ಅವರ ನಡುವೆ ಈಜುತ್ತಿದ್ದವು, ಯಾರಿಗೂ ಅದು ವಿಶೇಷವೆನಿಸುತ್ತಿರಲಿಲ್ಲ. ಎಚ್ಚರವಾದಾಗ ಐದು ತಾಸು ಕಳೆದಿತ್ತು.

ಬುಧವಾರ ಹವಳಕ್ಕೆ ಏನೂ ಆಗಲಿಲ್ಲ. ಆದ ಅನಾಹುತ ಅದೇ. ಏನೂ ಆಗದ್ದರಿಂದ ಗುರುವಾರ ಅವನು ಮತ್ತೆ ಕುರ್ಚಿ ಎಳೆದುಕೊಂಡು ಕೂತ, ಈ ಸಲ ದಿಂಬು ಸಮೇತ.

ಶನಿವಾರ ಬೆಳಿಗ್ಗೆ ತುದಿಗಳು ಬಿಳಚಿದ್ದವು. ಭಾನುವಾರ ಅರ್ಧ. ಅವನು ದೀಪವನ್ನು ಇಪ್ಪತ್ತಕ್ಕೂ ಕೆಳಗಿಳಿಸಿ, ಹೆಡ್ವಿಗ್‌ಳ ಹಳೆಯ ಜಾಲರಿ ಬಟ್ಟೆಯನ್ನು ಎರಡು ಪದರ ಹೊದಿಸಿ, ಬಾಯಿ ಮುಚ್ಚಿಕೊಂಡಿದ್ದ. ಸೋಮವಾರ ಎವಾಲ್ಟ್‌ನ ಫೋನು ಬಂತು.

ಎವಾಲ್ಟ್ ಪಿಯೆತ್ಸೊಂಕ ಗಣಿಯ ಆಳದಲ್ಲಿ ಕೆಲಸ ಮಾಡಿದವನು. ಗಿಸ್ಬೆರ್ಟ್ ಒಂದು ದಿನವೂ ಕೆಳಗಿಳಿದವನಲ್ಲ. ಇಬ್ಬರ ನಡುವೆ ಎಂದೂ ಆಡದ ಮಾತು ಅದು. ಅಲ್ಲಿನ ಗಂಡಸರು ದೀಪದ ಕೋಣೆಯವರನ್ನು 'ಮೇಣದ ಬತ್ತಿ' ಎನ್ನುತ್ತಿದ್ದರು, ಪ್ರೀತಿಯಿಂದಲೇ. ಪ್ರೀತಿಯಿಂದ ಅಂದದ್ದು ಹೆಚ್ಚು ನೋಯಿಸುತ್ತದೆ. ಒಂದು ಚಳಿಗಾಲ ಗಿಸ್ಬೆರ್ಟ್ ಚಾರ್ಜು ಪೂರಾ ತುಂಬದ ದೀಪವೊಂದನ್ನು ತುಂಬಿದವುಗಳ ಸಾಲಿಗೆ ತೂಗುಹಾಕಿದ್ದ. ಅದು ಎವಾಲ್ಟ್‌ನ ಪಾಲಿಗೆ ಹೋಯಿತು. ಎಂಟುನೂರು ಮೀಟರು ಆಳದಲ್ಲಿ, ಇನ್ನೊಬ್ಬ ಬಂದು ಕರೆದೊಯ್ಯುವವರೆಗೆ ಒಂದು ತಾಸು, ಎವಾಲ್ಟ್ ಕತ್ತಲಲ್ಲಿ ಕೂತಿದ್ದ. ಮೇಲೆ ಬಂದವನು ದೂರು ಬರೆಸಲಿಲ್ಲ. ದೀಪವನ್ನು ಕೊಕ್ಕೆಗೆ ಸಿಕ್ಕಿಸಿ, "ಪಾಪ, ಇವತ್ತು ಇದಕ್ಕೆ ನಿದ್ದೆ ಬಂದಿತ್ತು" ಎಂದು ಸ್ನಾನಕ್ಕೆ ಹೋದ. ಬೈದಿದ್ದರೆ ಚೆನ್ನಾಗಿತ್ತು. ಬೈಸಿಕೊಂಡವನು ಮರೆಯಬಹುದು.

ಹನ್ನೊಂದು ವರ್ಷದ ಹಿಂದೆ ಈ ಹವಳವನ್ನು ಕೊಟ್ಟವನೂ ಎವಾಲ್ಟ್‌ನೇ. ಹೆಬ್ಬೆರಳಿನಷ್ಟಿತ್ತು. ಗ್ಲಾಡ್ಬೆಕ್ ಪಟ್ಟಣದ ಕಡಲತೊಟ್ಟಿ ಸಂಘದ ಹದಿನೆಂಟು ಸದಸ್ಯರ ನಡುವೆ ಬರೆಯದೆ ನಡೆದುಬಂದ ಪದ್ಧತಿಯೊಂದಿದೆ: ಒಳ್ಳೆಯ ಹವಳ ಒಬ್ಬನ ಬಳಿ ಇರಕೂಡದು. ಬೆಳೆದ ಕೂಡಲೇ ಮುರಿದು ಇನ್ನೊಬ್ಬರಿಗೆ ಕೊಡಬೇಕು. ನಿನ್ನದು ಸತ್ತರೆ ನನ್ನಲ್ಲಿ, ನನ್ನದು ಸತ್ತರೆ ನಿನ್ನಲ್ಲಿ. ಕೊಟ್ಟವನು ಕೇಳಿದರೆ ಹಿಂದಕ್ಕೆ ಕೊಡಬೇಕು, ಆಯ್ದುಕೊಳ್ಳುವ ಹಕ್ಕು ಅವನದು. ಗಿಸ್ಬೆರ್ಟ್ ಮೊದಲ ಕೆಲವು ವರ್ಷ ಕೊಟ್ಟ. ಆಮೇಲೆ ಅದರ ಚಿತ್ರ ಸಂಘದ ಗೋಡೆ ಕ್ಯಾಲೆಂಡರಿನಲ್ಲಿ ಮೇ ತಿಂಗಳ ಪುಟಕ್ಕೆ ಬಂತು. ಮೇ ತಿಂಗಳಾದವನು ಕವಲು ಹಂಚುವುದು ಹೇಗೆ? ಈಗ ಬೇಸಿಗೆ, ಈಗ ಅದಕ್ಕೆ ಆಯಾಸ, ಈಗ ತಾನೇ ಚಿಗುರುತ್ತಿದೆ, ಮುಂದಿನ ತಿಂಗಳು ನೋಡೋಣ. ಕೊಟ್ಟಿದ್ದ ಕವಲುಗಳು ಬೇರೆಯವರ ಮನೆಗಳಲ್ಲಿ ಒಂದೊಂದು ಕಾರಣಕ್ಕೆ ತೀರಿಹೋದವು. ಈ ಆಗಸ್ಟಿನಲ್ಲಿ, ಎವಾಲ್ಟ್ ಸೊಂಟದ ಶಸ್ತ್ರಚಿಕಿತ್ಸೆಯ ನಂತರದ ಆರೈಕೆಗೆಂದು ಆಸ್ಪತ್ರೆಯಲ್ಲಿದ್ದಾಗ, ಬಿಸಿಲು ಏರಿ ತಂಪಿನ ಯಂತ್ರ ನಿಂತು, ಅವನ ತೊಟ್ಟಿಯ ಹವಳವೂ ಪೂರ್ತಿ ಹೋಯಿತು. ಉಳಿದದ್ದು ಇದೊಂದೇ.

"ನೀರು ಹದಕ್ಕೆ ಬಂದಿದೆ ಕಣೋ," ಎಂದಿದ್ದ ಎವಾಲ್ಟ್ ಫೋನಿನಲ್ಲಿ. ಅವನು ಕೇಳುವವನಲ್ಲ; ಕೇಳಲು ಬಹಳ ಹೊತ್ತು ತೆಗೆದುಕೊಂಡ. "ಒಂದು ಕವಲು ಕೊಟ್ರೆ ಮತ್ತೆ ಶುರು ಮಾಡ್ತೀನಿ. ಇಲ್ದಿದ್ರೆ ತೊಟ್ಟಿ ಮಾರ್ಬಿಡ್ತೀನಿ. ಖಾಲಿ ನೀರು ನೋಡ್ಕೊಂಡು ಎಷ್ಟು ದಿನ ಕೂರೋದು."

ಬಾ, ಭಾನುವಾರ ಬಾ, ಎಲ್ಲರೂ ಬನ್ನಿ, ಹೊಸ ದೀಪ ನೋಡಿದ ಹಾಗೂ ಆಯಿತು ಎಂದು ಗಿಸ್ಬೆರ್ಟ್ ಹೇಳಿದ್ದು ತನಗೇ ಕೇಳಿಸಿತ್ತು.

ಕರೆಗಂಟೆ ಸದ್ದಾಯಿತು. ಮೊದಲು ಬಂದವರು ಟೊರ್‌ಸ್ಟೆನ್ ಮತ್ತು ನೆರ್ಮಿನ್. ನೆರ್ಮಿನ್ ರೈಲು ನಿಲ್ದಾಣದ ಹತ್ತಿರ ಬಟ್ಟೆ ಅಳತೆ ಸರಿಪಡಿಸುವ ಅಂಗಡಿ ಇಟ್ಟುಕೊಂಡವಳು; ಹೊಲಿಗೆ ಯಂತ್ರದ ಪಕ್ಕದಲ್ಲೇ ಒಂದು ಪುಟ್ಟ ಕಡಲತೊಟ್ಟಿ. ಸಂಘದಲ್ಲಿ ವಯಸ್ಸು, ಹುದ್ದೆ ಯಾವುದನ್ನೂ ನೋಡದೆ ಪರಸ್ಪರ ಏಕವಚನದಲ್ಲೇ ಮಾತಾಡಬೇಕೆಂದು ನಿಯಮಾವಳಿಯ ಮೂರನೇ ಕಲಮು ಹೇಳುತ್ತದೆ. ಉಳಿದ ಕಲಮುಗಳನ್ನು ಯಾರೂ ಓದಿಲ್ಲ. ಹೆಡ್ವಿಗ್ ಇಬ್ಬರಿಗೂ ಉಣ್ಣೆಯ ಚಪ್ಪಲಿ ಕೊಟ್ಟು ಒಳಗೆ ಬಿಟ್ಟಳು.

"ಅಯ್ಯಯ್ಯೋ!" ಟೊರ್‌ಸ್ಟೆನ್ ಬಾಗಿಲಲ್ಲೇ ನಿಂತ. "ಇದೇನೋ ಇದು, ಗಿಸ್ಬೆರ್ಟ್! ಇದು ಅದೇನಾ? ಆ ರಟ್ಟು?"

"ಅದೇ."

"ನಾನು ಹೇಳ್ಲಿಲ್ವಾ! ಹೇಳ್ಲಿಲ್ವಾ ನಾನು! ನಿಧಾನಕ್ಕೆ ಏರಿಸಿದ್ರೆ ಹೀಗಾಗುತ್ತೆ ನೋಡು. ಹೇಳಿದ ಮಾತು ಕೇಳಿದವನು ಇಡೀ ಸಂಘದಲ್ಲಿ ನೀನೊಬ್ಬ."

ಹೊಗಳಿಕೆಯನ್ನು ಗಿಸ್ಬೆರ್ಟ್ ನುಂಗಿದ. ಅದು ಇಳಿಯಲು ಸಮಯ ತೆಗೆದುಕೊಂಡಿತು. ಆಶ್ಚರ್ಯವೆಂದರೆ ರುಚಿಯಾಗಿಯೂ ಇತ್ತು. ಎರಡು ಕ್ಷಣ ಅವನು ನಿಜವಾಗಿಯೂ ವಾರಕ್ಕೆ ಐದೈದರಂತೆ ಏರಿಸಿದವನಾಗಿದ್ದ. ಆ ಸಂಯಮಿ ಮನುಷ್ಯನ ಬಗ್ಗೆ ಅವನಿಗೆ ಗೌರವವೂ ಬಂತು.

ನೆರ್ಮಿನ್ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಬಂದಳು. "ಚೆನ್ನಾಗಿದೆ. ತುಂಬಾನೇ ಚೆನ್ನಾಗಿದೆ," ಎಂದಳು. ಸ್ವಲ್ಪ ತಡೆದು, "ಬಿಳಿ ಬೆಳಕು ಹಾಕಲ್ವಾ?" ಎಂದಳು.

"ಸಂಜೆ ಬೆಳಕಲ್ಲೇ ಅದರ ಅಂದ."

"ಅದು ಸರಿ. ನನ್ನ ಅಭ್ಯಾಸ ಅಷ್ಟೇ. ನಮ್ಮ ಅಂಗಡೀಲಿ ನೂಲು ಬಟ್ಟೆಗೆ ಹೊಂದುತ್ತಾ ನೋಡ್ಬೇಕಾದ್ರೆ ಗಿರಾಕೀನ ಬಾಗಿಲ ಹೊರಗೆ ಬೀದಿಗೆ ಕರ್ಕೊಂಡ್ ಹೋಗ್ತೀನಿ. ಒಳಗಿನ ಬೆಳಕಲ್ಲಿ ಎಲ್ಲಾ ಬಟ್ಟೆನೂ ಸುಳ್ಳು ಹೇಳುತ್ತೆ."

"ಕೇಕು ತಗೋ," ಎಂದ ಗಿಸ್ಬೆರ್ಟ್.

ಎವಾಲ್ಟ್ ಬಂದದ್ದು ಮೂರೂಕಾಲಿಗೆ. ಊರುಗೋಲು, ಮೊಣಕಾಲಿನವರೆಗಿನ ದಪ್ಪ ಕೋಟು. "ಗ್ಲ್ಯುಕ್ ಔಫ್," ಎಂದ, ಗಣಿಯವರ ಹಳೆಯ ನಮಸ್ಕಾರ. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಅವನಿಗೆ ಬೇರೆ ನಮಸ್ಕಾರ ಬರುತ್ತಿರಲಿಲ್ಲ. ಚಪ್ಪಲಿಯನ್ನೂ ಕಾಫಿಯನ್ನೂ ಗಮನಿಸದೆ, ಕೋಟು ಬಿಚ್ಚದೆ, ಗೋಲೂರಿಕೊಂಡು ನೇರವಾಗಿ ತೊಟ್ಟಿಯ ಮುಂದೆ ಬಂದು ನಿಂತ. ನೀರಿನ ಪಂಪು ಯಾರೋ ದೂರದಲ್ಲಿ ಗೊರಕೆ ಹೊಡೆಯುವಂತೆ ಸದ್ದು ಮಾಡುತ್ತಿತ್ತು. ನೀಲಿಯಲ್ಲಿ ಎವಾಲ್ಟ್‌ನ ಮುಖದ ಸುಕ್ಕುಗಳೆಲ್ಲ ಅಳಿಸಿಹೋಗಿ, ಅವನು ನಲವತ್ತರವನಂತೆ, ಪಾಳಿ ಮುಗಿಸಿ ಮೇಲೆ ಬಂದ ಕ್ಷಣದವನಂತೆ, ಮುಖ ತೊಳೆದು ಕಣ್ಣಂಚು ಮಾತ್ರ ಕಪ್ಪಾಗಿ ಉಳಿದವನಂತೆ ಕಂಡ. ಈಗ ಅಂಗೈ ಚಾಚಿ ಏನನ್ನೋ ಕೊಡುತ್ತಾನೆ ಎಂದು ಗಿಸ್ಬೆರ್ಟನಿಗೆ ಅನ್ನಿಸಿ, ತನ್ನ ಕೈಯನ್ನು ಜೇಬಿನೊಳಗೆ ತುರುಕಿಕೊಂಡ.

"ನನ್ನ ಹತ್ರ ಇದ್ದಾಗ ಇದು ಯಾವತ್ತೂ ಹೀಗಿರ್ಲಿಲ್ಲ," ಎಂದ ಎವಾಲ್ಟ್. ಅವನ ಧ್ವನಿಯಲ್ಲಿ ಅಸೂಯೆ ಇರಲಿಲ್ಲ. "ನೀನು ನನಗಿಂತ ಚೆನ್ನಾಗಿ ನೋಡ್ಕೊಂಡಿದೀಯ."

ಹೆಡ್ವಿಗ್ ಕಾಫಿ ಬಗ್ಗಿಸುತ್ತಿದ್ದಳು. ಬಟ್ಟಲು ತುಂಬಿ ತಟ್ಟೆಗೆ ಚೆಲ್ಲಿತು.

"ಯಾವುದು ಬೇಕು?" ಗಿಸ್ಬೆರ್ಟ್ ಕೇಳಿದ. ಹಾಗೆ ಕೇಳಬೇಕೆಂಬುದು ಪದ್ಧತಿ.

ಎವಾಲ್ಟ್ ಊರುಗೋಲಿನ ತುದಿಯನ್ನು ಎತ್ತಿ, ಗಾಜಿಗೆ ತಾಗದಂತೆ, ನೆತ್ತಿಯ ಮೇಲಿನ ಕವಲನ್ನು ತೋರಿಸಿದ. ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು. ಎಲ್ಲಕ್ಕಿಂತ ಮೊದಲು ಬಿಳಚಿದ್ದು.

ಗಿಸ್ಬೆರ್ಟ್ ತೋಳು ಮಡಚಿ ಇಕ್ಕಳ ತೆಗೆದುಕೊಂಡ. ಎಲ್ಲವೂ ಬಹಳ ಸುಲಭವಾಗಿತ್ತು. ಅಷ್ಟು ಸುಲಭವಾಗಿರಬಹುದೆಂದು ಅವನು ಊಹಿಸಿರಲಿಲ್ಲ. ಕಟ್ ಎನ್ನಿಸಿ ಕೊಟ್ಟರಾಯಿತು. ಎವಾಲ್ಟ್‌ನ ಮನೆಯಲ್ಲಿ ಅದು ಒಂದು ವಾರ ಇರುತ್ತದೆ, ಆಮೇಲೆ ಚರ್ಮ ಕಳಚಿಕೊಂಡು ಬರೀ ಸುಣ್ಣವಾಗುತ್ತದೆ. ಹೊಸದಾಗಿ ತುಂಬಿದ ತೊಟ್ಟಿ, ಹಸಿ ನೀರು. ಎವಾಲ್ಟ್ ತನ್ನ ನೀರನ್ನೇ ಬೈದುಕೊಳ್ಳುತ್ತಾನೆ. ತನ್ನ ಕೈಗುಣ ಎನ್ನುತ್ತಾನೆ. ತೊಟ್ಟಿ ಮಾರುತ್ತಾನೆ. ಇಲ್ಲಿ ಮುಂದಿನ ತಿಂಗಳು ಮಿಕ್ಕಿದ್ದೂ ಹೋದಾಗ, ಕವಲು ಮುರಿದದ್ದರಿಂದ ಗಾಯ ಕೊಳೆಯಿತು ಎಂದರೆ ಯಾರು ಬೇಡವೆನ್ನುತ್ತಾರೆ? ಎವಾಲ್ಟ್‌ಗಾಗಿ ಮುರಿದದ್ದು ಎಂದೂ ಸೇರಿಸಬಹುದು. ನೀರು ಮೊಣಕೈಯವರೆಗೆ ಬಂತು, ಬೆಚ್ಚಗಿತ್ತು, ಕೈ ಎಲ್ಲಿ ಮುಗಿಯುತ್ತದೆ ನೀರು ಎಲ್ಲಿ ಶುರುವಾಗುತ್ತದೆ ತಿಳಿಯಲಿಲ್ಲ. ಒಂದು ಹಳದಿ ಮೀನು ಅವನ ಉಗುರನ್ನು ಮೂಸಿ ನೋಡಿತು. ಇಕ್ಕಳದ ಬಾಯಿ ನೆತ್ತಿಯ ಕವಲಿನ ಎರಡೂ ಪಕ್ಕ ತೆರೆದು ನಿಂತಿತ್ತು. ಅವನು ಹಾಗೇ ಬಹಳ ಹೊತ್ತು ನಿಂತಿರಬೇಕು, ಏಕೆಂದರೆ ಟೊರ್‌ಸ್ಟೆನ್, "ಏನೋ, ಒಳಗೇ ನಿದ್ದೆ ಹೋದ್ಯಾ?" ಎಂದ.

ಕೈ ತಾನಾಗಿ ಜರುಗಿತು. ದಿಬ್ಬದ ಹಿಂದೆ, ಹವಳದ ಬುಡದಲ್ಲಿ, ಹೊಸ ದೀಪ ತನ್ನ ಎರಡು ಮಧ್ಯಾಹ್ನಗಳಲ್ಲೂ ತಲುಪಲಾರದೆ ಹೋದ ನೆರಳಿನಲ್ಲಿ, ಬೆರಳಿಗೆ ಒಂದು ಮೊಂಡು ಕವಲು ತಾಗಿತು. ಮೈ ಅಂಟಂಟಾಗಿ, ದಪ್ಪಗೆ, ಬದುಕಿತ್ತು. ಕಣ್ಣು ಬೇಕಾಗಲಿಲ್ಲ. ಅದನ್ನು ಕತ್ತರಿಸಿ, ನೀರಿನ ಬೋಗುಣಿಗೆ ಹಾಕಿ, ಮೇಜಿನ ಮೇಲೆ ಇಟ್ಟ.

ನೀಲಿಯಲ್ಲಿ ಅದು ಹೊಳೆಯಲಿಲ್ಲ. ಕಪ್ಪು ಚುಕ್ಕೆಯಂತೆ ತಳದಲ್ಲಿ ಕೂತಿತು. ಟೊರ್‌ಸ್ಟೆನ್ ಜೇಬಿನಿಂದ ಫೋನು ತೆಗೆದು ಅದರ ದೀಪ ಹಚ್ಚಿದ. ಬೋಗುಣಿಯೊಳಗೆ ಕಂದು ಬಣ್ಣದ, ಮೋಟಾದ, ಟಿಸಿಲೊಡೆಯದ ಒಂದು ತುಂಡು.

"ಇದೇನು, ಹಳೇ ಟೂತ್‌ಬ್ರಷ್ಷಾ?"

"ಮೇಲಿಂದು ಕೇಳಿದ್ದು ಅವನು," ಎಂದಳು ನೆರ್ಮಿನ್.

"ಇದು ಗಟ್ಟಿ ಇದೆ," ಎಂದ ಗಿಸ್ಬೆರ್ಟ್. "ಬೇಗ ಹತ್ತಿಕೊಳ್ಳುತ್ತೆ."

"ಗಟ್ಟಿ ಇರೋದು ನಿನ್ನ ಕೈ," ಟೊರ್‌ಸ್ಟೆನ್ ನಗುತ್ತಿದ್ದ, ಆದರೆ ಪೂರ್ತಿ ನಗುತ್ತಿರಲಿಲ್ಲ. "ನಾಲ್ಕು ವರ್ಷದಿಂದ ಕೇಳಿದೋರಿಗೆಲ್ಲಾ ಮುಂದಿನ ತಿಂಗಳು. ಈಗ ಕೊಟ್ಟೋನಿಗೇ ಹಿಂದೆ ಕೊಡೋವಾಗ್ಲೂ ಬುಡದಿಂದ ಒಂದು ಕಸ ಕಿತ್ಕೊಡ್ತೀಯಲ್ಲೋ. ಕ್ಯಾಲೆಂಡರ್ ಫೋಟೋಗೆ ಏನೂ ಕೊರತೆ ಆಗಬಾರ್ದು, ಅಲ್ವಾ?"

ಗಿಸ್ಬೆರ್ಟನಿಗೆ ಕಿವಿ ಬಿಸಿಯಾಯಿತು. ಜೀವನದಲ್ಲಿ ಅಪರೂಪಕ್ಕೆ ಸರಿಯಾದ ಕೆಲಸ ಮಾಡಿದ್ದಕ್ಕೆ ಜಿಪುಣನೆನ್ನಿಸಿಕೊಳ್ಳುವ ಸುಖ ಅವನಿಗೆ ಹೊಸದು. ಇದನ್ನು ನುಂಗಿಬಿಟ್ಟರೆ ಆಯಿತು ಎಂದು ಒಂದು ಕ್ಷಣ ಅನ್ನಿಸಿತು. ಜಿಪುಣ ಎನ್ನಲಿ. ಎವಾಲ್ಟ್ ಕಂದು ತುಂಡನ್ನು ಒಯ್ಯಲಿ, ಅದು ಬೆಳೆಯಲಿ, ಯಾರಿಗೂ ಏನೂ ತಿಳಿಯದಿರಲಿ. ಮೌನವಾಗಿ ತೇಯುವ ಈ ಶಿಕ್ಷೆಯಲ್ಲಿ ಒಂದು ಗೌರವವೂ ಇತ್ತು. ಅವನು ಅದನ್ನು ಹೊದ್ದುಕೊಳ್ಳಲು ಸಿದ್ಧನಾಗುತ್ತಿದ್ದ.

ಆದರೆ ಎವಾಲ್ಟ್ ಬೋಗುಣಿಯನ್ನು ಮುಟ್ಟಲಿಲ್ಲ. "ಮನಸ್ಸಿಲ್ದೇ ಕೊಡೋದು ಬೇಡಪ್ಪ," ಎಂದ ಮೆಲ್ಲಗೆ. ಸಿಟ್ಟಿರಲಿಲ್ಲ. ಕೇಳಿದ್ದೇ ತಪ್ಪೆಂಬ ನಾಚಿಕೆ ಇತ್ತು, ಮುದುಕನೊಬ್ಬ ಬಸ್ಸಿನಲ್ಲಿ ಸೀಟು ಕೇಳಿ ಇಲ್ಲವೆನ್ನಿಸಿಕೊಂಡಂಥದ್ದು. "ಇಟ್ಕೋ. ನಿನ್ನ ಹತ್ರಾನೇ ಚೆನ್ನಾಗಿದೆ. ನಾನು ಬರ್ತೀನಿ ಹೆಡ್ವಿಗ್, ಕಾಫಿ ಇನ್ನೊಂದ್ಸಲ." ಊರುಗೋಲನ್ನು ಸರಿಮಾಡಿಕೊಂಡು ಬಾಗಿಲ ಕಡೆ ತಿರುಗಿದ. ಸೊಂಟದ ದೆಸೆಯಿಂದ ತಿರುಗುವುದಕ್ಕೆ ನಾಲ್ಕು ಹೆಜ್ಜೆ ಬೇಕಾಯಿತು.

ಆ ನಾಲ್ಕು ಹೆಜ್ಜೆಯೊಳಗೆ ಗಿಸ್ಬೆರ್ಟ್ ಫೋನು ಹುಡುಕಿದ. ಜೇಬಿನಲ್ಲಿತ್ತು, ಬೆರಳು ಒದ್ದೆಯಾಗಿ ಗಾಜು ಮಾತು ಕೇಳಲಿಲ್ಲ. ಪ್ಯಾಂಟಿಗೆ ಒರೆಸಿದ. ಹೆಬ್ಬೆರಳಿಗೆ ದಾರಿ ಗೊತ್ತಿತ್ತು. ಜಾರಿಸಿದ. ನೂರು ಬೇಕಾಗಲಿಲ್ಲ. ಇಪ್ಪತ್ತು ಸಾಕಾಯಿತು.

ಬಿಳಿ ಬೆಳಕು ಸದ್ದಿಲ್ಲದೆ ಇಳಿಯಿತು. ಗೋಡೆ ಗೋಡೆಯಾಯಿತು, ಕೇಕು ಕೇಕಾಯಿತು. ತೊಟ್ಟಿಯ ನಡುವೆ, ದಿಬ್ಬದ ನೆತ್ತಿಯಲ್ಲಿ, ಬೇಯಿಸಿದ ಮೊಟ್ಟೆಯ ಬಿಳಿಯ ಹಾಗೆ, ಸುಣ್ಣದ ಕಡ್ಡಿಗಳ ಹಾಗೆ, ಯಾರೋ ತಿಂದು ಬಿಟ್ಟ ಮೀನಿನ ಮುಳ್ಳಿನ ಹಾಗೆ ಅದು ನಿಂತಿತ್ತು.

ನೆರ್ಮಿನ್, ಅಂಗಡಿಯ ಅಭ್ಯಾಸದಿಂದ, ಅರ್ಧ ಹೆಜ್ಜೆ ಹಿಂದೆ ಸರಿದು ಪೂರ್ತಿ ನೋಡಿದಳು.

"ಎಷ್ಟಿಟ್ಟಿದ್ದೆ?" ಟೊರ್‌ಸ್ಟೆನ್ ಕೇಳಿದ.

"ನೂರು."

"ಎಷ್ಟು ದಿನ?"

"ಎರಡು ಮಧ್ಯಾಹ್ನ. ನಿದ್ದೆ ಬಂತು."

"ಎರಡೂ ಸಲ?"

"ಎರಡನೇ ಸಲ ದಿಂಬು ತಗೊಂಡಿದ್ದೆ."

"ಅದಕ್ಕಾ ನನ್ನ ಬಟ್ಟೆ ಕ್ಲಿಪ್ಪು," ಎಂದಳು ಹೆಡ್ವಿಗ್. ಅವಳು ಪರದೆಯ ಬಳಿ ಹೋಗಿ ಒಂದೊಂದಾಗಿ ಕಳಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಅವಳು ಬೈಯುತ್ತಾಳೆಂದು ಅವನು ಕಾದ. ಅವಳು ಪರದೆಯನ್ನು ಪೂರಾ ಸರಿಸಿ, ಸುಮ್ಮನೆ ಅವನ ಪಕ್ಕ ಬಂದು ನಿಂತಳು. ಹೆಗಲಿಗೆ ಹೆಗಲು ತಾಗುವಷ್ಟು ಹತ್ತಿರ.

ಎವಾಲ್ಟ್ ಮತ್ತೆ ನಾಲ್ಕು ಹೆಜ್ಜೆ ಹಾಕಿ ಈ ಕಡೆ ತಿರುಗಿದ್ದ. ತೊಟ್ಟಿಯನ್ನು ನೋಡಿದ, ಬೋಗುಣಿಯನ್ನು ನೋಡಿದ, ಲೆಕ್ಕವನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದುವವನಂತೆ ಮತ್ತೆ ತೊಟ್ಟಿಯನ್ನು ನೋಡಿದ.

"ಮೇಲಿಂದೇ ಕೊಟ್ಟಿದ್ರೆ?"

"ಒಂದು ವಾರಕ್ಕೆ ಸಾಯ್ತಿತ್ತು."

"ನನ್ನ ನೀರು ಸರಿ ಇಲ್ಲ ಅಂದ್ಕೋತಿದ್ದೆ ನಾನು."

"ಹೌದು."

"ನೀನೂ ಹೌದು ಅಂತಿದ್ದೆ."

ಗಿಸ್ಬೆರ್ಟ್ ಮಡಚಿದ್ದ ತೋಳನ್ನು ಕೆಳಗೆಳೆದುಕೊಂಡ. "ಫೋನು ಮಾಡಿ ಸಮಾಧಾನ ಕೂಡ ಹೇಳ್ತಿದ್ದೆ."

ಎವಾಲ್ಟ್‌ನ ಕೆನ್ನೆಯಲ್ಲಿ ಏನೋ ಅಲುಗಿತು. ಅದು ಮೊದಲು ಕೆಮ್ಮಿನಂತಿತ್ತು, ಆಮೇಲೆ ನಗೆಯಾಯಿತು, ಆಮೇಲೆ ಮತ್ತೆ ಗಣಿಯ ಹಳೆಯ ಕೆಮ್ಮಾಗಿ ಅವನನ್ನು ಕುರ್ಚಿಯಲ್ಲಿ ಕೂರಿಸಿತು. ಕಣ್ಣೊರೆಸಿಕೊಂಡು, "ಹೆಡ್ವಿಗ್," ಎಂದ, "ಆ ಕೇಕು ಕೊಡಮ್ಮ ಇಲ್ಲಿ. ದೊಡ್ಡ ತುಂಡು. ಇವನಿಗೆ ಬೇಡ." ಕೋಟು ಬಿಚ್ಚದೆ ಎರಡು ತುಂಡು ತಿಂದ. ಟೊರ್‌ಸ್ಟೆನ್ ಜಾಲರಿ ಬಟ್ಟೆ ಇನ್ನೆರಡು ಪದರ, ದಿನಕ್ಕೆ ಎಷ್ಟು ತಾಸು, ಬುಡದಿಂದ ಮತ್ತೆ ಚಿಗುರಬಹುದು, ಚಿಗುರದೆಯೂ ಇರಬಹುದು ಎಂದು ಕಾಗದದ ಮೇಲೆ ಬರೆಯತೊಡಗಿದ. ಗಿಸ್ಬೆರ್ಟ್ ಈ ಸಲ ಕೇಳಿಸಿಕೊಂಡ. ಯಾರೂ ಅವನನ್ನು ಕ್ಷಮಿಸಿದೆ ಎನ್ನಲಿಲ್ಲ. ಸಕ್ಕರೆ ಈ ಕಡೆ ಸರಿಸು ಎಂದರು, ಅಷ್ಟೇ.

ಹೊರಡುವಾಗ ನೆರ್ಮಿನ್ ಕಂದು ತುಂಡನ್ನು ನೀರಿನ ಸಮೇತ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಗಾಳಿ ಹಿಡಿಸಿ, ಹೊಲಿಗೆಯವಳ ಗಂಟು ಹಾಕಿದಳು. ಬಾಗಿಲಲ್ಲಿ ಎವಾಲ್ಟ್ ನಿಂತ. "ಇದು ಉಳಿದ್ರೆ ನಿನಗೊಂದು ಕವಲು ಇದೆ," ಎಂದ. "ಆದ್ರೆ ಕೇಳ್ಬೇಕು. ನಾನಾಗೇ ತಂದ್ಕೊಡಲ್ಲ. ಬಂದು ಕೇಳ್ಬೇಕು."

"ಕೇಳ್ತೀನಿ," ಎಂದ ಗಿಸ್ಬೆರ್ಟ್.

ಕಾರಿನಲ್ಲಿ ಬಿಡುತ್ತೇನೆಂದ ಟೊರ್‌ಸ್ಟೆನ್‌ನ ಮಾತನ್ನು ಎವಾಲ್ಟ್ ಒಪ್ಪಲಿಲ್ಲ. ಅವನ ಬಳಿ ಹಿರಿಯರ ಬಸ್ ಪಾಸಿತ್ತು. ಎರಡನೇ ಅಂತಸ್ತಿನ ಕಿಟಕಿಯಿಂದ ಗಿಸ್ಬೆರ್ಟನಿಗೆ ಕೆಳಗಿನ ಬಸ್ ನಿಲ್ದಾಣ ಕಾಣುತ್ತಿತ್ತು. ಬೀದಿ ದೀಪಗಳು ಆಗ ತಾನೇ ಹತ್ತುತ್ತಿದ್ದವು. ಎವಾಲ್ಟ್ ಒಂದು ಕೈಯಿಂದ ಗೋಲು ಊರಿ, ಇನ್ನೊಂದು ಕೈಯನ್ನು ಕೋಟಿನೊಳಗೆ ಎದೆಗೆ ಒತ್ತಿ ಹಿಡಿದು, ಸ್ವಲ್ಪ ಮುಂದಕ್ಕೆ ಬಾಗಿ ನಿಂತಿದ್ದ. ಚಳಿ ತಾಗದಂತೆ ಚೀಲವನ್ನು ಅಂಗಿಯೊಳಗೆ ಇಟ್ಟುಕೊಂಡಿರಬೇಕು. ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಹೆಂಗಸೊಬ್ಬಳು ಅವನನ್ನು ದಾಟಿ ಹೋದವಳು ನಿಂತಳು, ಹಿಂದಕ್ಕೆ ಬಂದಳು, ಎದೆನೋವೇನೋ ಎಂಬ ಗಾಬರಿಯಿಂದ ಅವನ ತೋಳು ಹಿಡಿದು ಏನೋ ಕೇಳಿದಳು. ಅವಳ ಇನ್ನೊಂದು ಕೈ ಆಗಲೇ ಫೋನಿಗಾಗಿ ತಡಕಾಡುತ್ತಿತ್ತು. ಎವಾಲ್ಟ್ ತಲೆಯಾಡಿಸಿದ. ಅವಳು ನಂಬಲಿಲ್ಲ. ಆಗ ಅವನು ಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಒಳಗಿದ್ದದ್ದನ್ನು ಬೀದಿ ದೀಪದ ಕಡೆಗೆ ತುಸು ವಾಲಿಸಿ ತೋರಿಸಿದ. ಹೆಂಗಸು ಬಗ್ಗಿದಳು. ಆ ಬೆಳಕಿನಲ್ಲಿ ಅವಳಿಗೆ ಏನು ಕಂಡೀತು? ಒಂದು ಮೋಟು ಕಂದು ತುಂಡು, ಸ್ವಲ್ಪ ನೀರು. ಆದರೂ ಬಗ್ಗಿದವಳು ನೆಟ್ಟಗಾಗಲಿಲ್ಲ. ಎವಾಲ್ಟ್ ಏನನ್ನೋ ವಿವರಿಸುತ್ತಿದ್ದ, ಉದ್ದಕ್ಕೆ. ಬಸ್ಸು ಬಂದು ಬಾಗಿಲು ತೆರೆದು ಕಾಯುತ್ತಿತ್ತು. ಇಬ್ಬರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ.